ಮಸೀದಿಯ ಮೈಕು

ಖಾನಾಪುರದ ಬಸ್ಸು ಬೆಳಗಾವಿ ಹೊಕ್ಕರೂ ನಾಗರತ್ನಾಳ ಕಿವಿ ಮುಂದಿನ ಸೀಟಿನ ಇಬ್ಬರು ಹೆಂಗಸರ ಮಾತಿಗೇ ಅಂಟಿಕೊಂಡಿತ್ತು.

“ಬಿಲ್ಕೀಸ, ಮಸೂತಿ ಮೈಕಿನ್ಯಾಗ ನೀನ ಮಾತಾಡಿದ್ಯಂತ?”

“ಹೂಂ, ಶಿವಲಿಂಗವ್ವಕ್ಕ. ನಳದಾಗ ಗಟಾರ ನೀರು ಕೂಡೇತಿ. ಸರಕಾರಿ ಆಟೋ ‘ಕುದಿಸಿದ ನೀರನ್ನೇ ಸೇವಿಸತಕ್ಕದ್ದು’ ಅಂತ ಒದರಿಕೋತ ಹೋತು. ನಮ್ಮ ಮುದುಕೇರಿಗೆ ಏನ್ ತಿಳೀಬೇಕ್ರಿ? ನಾ ಮನಿ ಮಾತಿನ್ಯಾಗ, ‘ಪಾನಿ ಉಬಾಲ್ಕೆ ಪೀವ್’ ಅಂದೆ.”

“ಹೆಣ್ಮಗಳು ಮೈಕ್ ಹಿಡದ್ಲಂತ ಹಿರ್ಯಾರು ಸಿಟ್ಟಾಗ್ಯಾರ.”

“ಆಗ್ಲಿ. ಸಂಜೀಕ ಮತ್ತ ಹೇಳಾಕಿನ ನಾ.”

“ಅದು ನಮಾಜಿಗೆ ಕರಿಯೂ ಮೈಕು, ಸತ್ತವರ ಸುದ್ದಿ ಹೇಳೂ ಮೈಕು, ತಂಗಿ.”

ಕೋಟೆ ಸ್ಟಾಪು ಬಂತು. ಬಿಲ್ಕೀಸ ಚೀಲ ಹೆಗಲಿಗೇರಿಸಿ ಎದ್ದಳು.

“ಸತ್ತ ಮ್ಯಾಲ ಎಲ್ಲಾರ ಹೆಸರೂ ಹೇಳ್ತೈತಿ. ಸಾಯೂಕಿಂತ ಮೊದ್ಲ ಒಂದ್ ಮಾತು ಹೇಳಿದ್ರ ಏನಾತ್ರಿ?” ಎನ್ನುತ್ತ ಇಳಿದೇ ಹೋದಳು.