ಒರಳಿನಲ್ಲಿ ಬಲಗೈ

...ಅಲ್ಲ ಕಣೇ ಪೊಮಾ, ನಗು ಯಾಕೆ ಬಂತು ಹೇಳು! ಶನಿವಾರ ಮದುವೆ ಇಟ್ಕೊಂಡಿರೋ ತಂಗೀನ ಅಕ್ಕ ಬೇಯಿಸಿದ ಮರಗೆಣಸಿನ ಫುಫು ಕುಟ್ಟೋಕೆ ಕರೆಯಬಾರದಾ? ಒನಕೆ ನಾನೆತ್ತೀನಿ, ನೀನು ಕೂತು ಮುದ್ದೆ ಮಗುಚು. ಮುಂಚೆಯೂ ಹಾಗೇ ತಾನೆ? ಕೈ ಒದ್ದೆ ಮಾಡ್ಕೊ... ಧಪ್! ಮಗುಚು. ಧಪ್! ಇಷ್ಟು ದಿನ ಮಾತು ಬಿಟ್ಟೋಳು ಇವತ್ತೇನು ಅಂತೀಯಾ? ಏನೂ ಇಲ್ಲ. ಹಸಿವಾಯ್ತು, ಕರೆದೆ.

ನಿನ್ನ ಮದುಮಗ ಗ್ಯಾಂಫಿಗೂ ಒಂದು ಮುದ್ದೆ ತೆಗೆದಿಡೋಣ್ವಾ? ಓಹೋ, ಹೆಸರೆತ್ತಿದ್ರೆ ತಲೆ ಬಗ್ಗಿಸ್ತೀಯಾ! ಬಗ್ಗಿಸು! ಚರ್ಚಿನಲ್ಲಿ ಹಾಡು ಮುಗಿಸಿ ಅವನು ಯಾರ ಜೊತೆ ಮನೆ ತನಕ ಬರ್ತಿದ್ದ? ನನ್ನ ಜೊತೆ. ಯಾರ ಕೈಯ ಕಡಲೆಕಾಯಿ ಸಾರು ಬಟ್ಟಲು ಬಟ್ಟಲು ಕುಡೀತಿದ್ದ? ನನ್ನ ಕೈಯದು! ಅವರ ಮನೆಯೋರು ಶಾಸ್ತ್ರದ ಮದ್ಯದ ಬಾಟಲಿ ಹಿಡ್ಕೊಂಡು ಹೆಣ್ಣು ಕೇಳೋಕೆ ಬಾಗಿಲು ತಟ್ಟಿದ ದಿನ, ಹಬ್ಬದ ಕೆಂಟೆ ಬಟ್ಟೆ ಸುತ್ಕೊಂಡು ನೀರು ಕೊಟ್ಟೋಳು ಯಾರು? ನಾನು, ಈ ದುಫಿಯೆ! ಅಪ್ಪ ಕೇಳಿದ, "ನಮ್ಮ ತೋಟದಲ್ಲಿ ಯಾವ ಹೂ ನೋಡಿ ಬಂದ್ರಪ್ಪಾ?" ಅವನ ಸೋದರಮಾವ ಬೆರಳು ತೋರಿಸಿದ... ನನ್ನ ಹಿಂದಕ್ಕೆ! ಈರುಳ್ಳಿ ಸುಲೀತಾ ಕೂತಿದ್ದ ನಿನ್ನ ಕಡೆಗೆ! ಅಷ್ಟು ಜನರ ಮುಂದೆ... ನೀರಿನ ತಟ್ಟೆ ಇನ್ನೂ ನನ್ನ ಕೈಲೇ ಇತ್ತು ಕಣೇ.

ಈ ಬಾಟಲಿ ತಗೊಂಡು ಒಪ್ಕೊಳ್ಳಲಾ ಮಗಳೇ ಅಂತ ಅಪ್ಪ ನಿನ್ನ ಮೂರು ಸಲ ಕೇಳಿದ. ಮೂರು ಸಲಾನೂ ಹೂಂ! ಒಂದು ಸಲ... ಒಂದೇ ಒಂದು ಸಲ ನನ್ನ ಮುಖ ನೋಡಬಾರದಿತ್ತಾ?

ಧಪ್! ಮಗುಚು, ಮಗುಚು! ಪಾದ್ರಿ ಹತ್ರ ಇಬ್ರೂ ಮದುವೆ ಪಾಠ ಕಲೀತಿದ್ದೀರಂತೆ. ಅಮ್ಮ ಹೇಳಿದ್ಲು. ಗಂಡ ಹೆಂಡತಿ ಪ್ರೀತಿ ಬರೀ ಇಬ್ಬರ ಸುಖಕ್ಕೆ ಅಲ್ವಂತೆ! ಕ್ರೈಸ್ತ ಸಭೆ ಅನ್ನೋ ಮದಲಗಿತ್ತಿ ಬೆನ್ನು ತಿರುಗಿಸಿದ್ರೂ ಕರ್ತ ಮದಲಿಂಗನ ಹಾಗೆ ಅವಳಿಗೆ ತನ್ನನ್ನೇ ಕೊಟ್ಟನಂತೆ. ಆ ಪ್ರೀತೀನ ಮನೇಲಿ ಒಬ್ಬರ ಹತ್ರ ಕಲಿತು, ಆಮೇಲೆ ಹಗೆಯವರಿಗೂ ಬಡಿಸಬೇಕಂತೆ! ಆಹಾ! ಅಕ್ಕನ ಎಲೆಯಿಂದ ಎತ್ಕೊಂಡು ಹೋಗಿ ಊರಿಗೆಲ್ಲ ಬಡಿಸ್ತೀರಾ? ಥೂ!

ಶನಿವಾರ ಅದೇ ಪಾದ್ರಿ ಬಲಗೈ ಹಿಡೀರಿ ಅಂತಾನೆ. ಬಲಗೈ... ಎಷ್ಟು ಸಣ್ಣ ಬೆರಳು ನಿಂದು. ಧಪ್! ಯಾಕೆ ಹಾಗೆ ನೋಡ್ತೀಯಾ? ಒರಳು ನೋಡು, ನನ್ನನ್ನಲ್ಲ! ತಾಳ ತಪ್ತಿದೆಯಾ? ತಪ್ಪಲಿ! ಒನಕೆ ಕುಟ್ಟೋವಾಗ ಒಂದೊಂದು ಸಲ ತಪ್ಪುತ್ತೆ, ಯಾರದೇನು ತಪ್ಪು... ಏಯ್! ಕೈ ತೆಗಿ. ಮಗುಚಿ ಆಯ್ತಲ್ಲ, ಇನ್ನೂ ಯಾಕೆ ಅಲ್ಲೇ ಇಟ್ಟಿದ್ದೀಯಾ? ಒನಕೆ ಮೇಲಿದೆ, ಕಾಣ್ತಿಲ್ವಾ?

...ನಿನಗೆ ಗೊತ್ತಿತ್ತಾ?

ಕರೆದಾಗಲೇ ಗೊತ್ತಿತ್ತಾ? ಗೊತ್ತಿದ್ದೂ ಬಂದು ಕೂತ್ಯಾ? ಮಾತಾಡೇ! ಅಕ್ಕ ನನ್ನ ಕೈ ಮುರಿಯೋಕೇ ಕರೆದಳು ಅಂತ ಕೂಗು, ಅಮ್ಮ ಒಳಗೇ ಇದ್ದಾಳೆ! ಕೂಗಲ್ವಾ?... ಅವನ ಹತ್ರ ಕಲಿತಿದ್ದನ್ನ ನನಗಾ ಬಡಿಸ್ತಿರೋದು? ನನಗೆ ಬೇಡ ಕಣೇ! ಬೇಡ!... ಪೊಮಾ, ತೆಗಿ. ತೋಳು ಸೋಲ್ತಿದೆ... ಒನಕೆ ಜಾರ್ತಿದೆ, ನನ್ನ ಕೈಲಿ ಹಿಡಿಯೋಕಾಗ್ತಿಲ್ಲ... ಕೈ ತೆಗಿಯೇ, ತಂಗೀ!