ಚಂದ್ರಮೋಹನ್ ಊಟ ಬಿಟ್ಟ ಎರಡು ವರ್ಷ

ಎಲ್ಲರಿಗೂ ನಮಸ್ಕಾರ. ಕಾಮಾಕ್ಷಿಯವರೇ, ಮಗಳು ಸ್ಫೂರ್ತಿ, ಟೋಕಿಯೊದ ಈ ಓಜಿಮಾ ಬಡಾವಣೆಯ ಬಂಧುಗಳೇ, ನಮ್ಮ ಶಿನಾಗಾವಾ ಆಫೀಸಿನ ಗೆಳೆಯರೇ —

ನಾನು ಭೀಮಸೇನ. ಆರು ವರ್ಷ ಚಂದ್ರಮೋಹನ್ ಪಕ್ಕದ ಸೀಟಿನಲ್ಲಿ ಕೂತವನು. ಇವತ್ತಿನ ಈ ಶ್ರದ್ಧಾಂಜಲಿ ಸಭೆಯಲ್ಲಿ ಏನು ಹೇಳಲಿ ಅಂತ ಅವನ ಹೆಂಡತಿ ಕಾಮಾಕ್ಷಿಯವರನ್ನು ಕೇಳಿದೆ. "ನಡೆದದ್ದನ್ನೇ ಹೇಳಿ. ದಿಢೀರ್ ಅನಾರೋಗ್ಯ ಅನ್ನಬೇಡಿ" ಅಂದರು. ಅವರ ಮಾತಿನ ಮೇಲೆ ಹೇಳ್ತಿದ್ದೀನಿ — ನಮ್ಮ ಚಂದ್ರು ಕುಡಿತದಿಂದ ಹೋದ.

ಜಪಾನಿಗೆ ಹೊಸದಾಗಿ ಬಂದವರ ಜೊತೆ ವಾರ್ಡ್ ಆಫೀಸಿಗೆ ಹೋಗಿ ಫಾರಂ ತುಂಬಿಕೊಡೋನು. ಇಲ್ಲಿರುವ ಎಷ್ಟೋ ಜನಕ್ಕೆ ಗೊತ್ತು. ಮೊದಲು ಕ್ಲೈಂಟ್ ಪಾರ್ಟಿಗಳಲ್ಲಿ ಮಾತ್ರ ಕುಡೀತಿದ್ದ. ಆಮೇಲೆ ಪಾರ್ಟಿ ಇಲ್ಲದ ದಿನವೂ. ಬೆಳಿಗ್ಗೆ ಮೂಲೆಯ ಕೊಂಬಿನಿ ಅಂಗಡಿಯಿಂದ ಅರಿಶಿನದ ಪಾನೀಯದ ಪುಟ್ಟ ಬಾಟ್ಲಿ ತಂದು, ಹೀಗೆ — ಒಂದೇ ಗುಟುಕು. ಜೊತೆಗೆ ಅಂಗೈ ತುಂಬ ವಿಟಮಿನ್ ಮಾತ್ರೆ. "ಲಿವರ್‌ಗೆ ಕಾವಲು ಹಾಕಿದ್ದೀನಿ ಭೀಮಣ್ಣ" ಅಂತ ನಗೋನು.

ಊಟ ಮಾತ್ರ ಬಿಟ್ಟಿದ್ದ. ಕಾಮಾಕ್ಷಿಯವರು ಕಟ್ಟಿದ ಡಬ್ಬಿ — ಚಪಾತಿ, ಹೆಸರುಕಾಳು, ಸೊಪ್ಪಿನ ಪಲ್ಯ — ನನ್ನ ಕಡೆ ತಳ್ಳೋನು. "ಹಸಿವಿಲ್ಲ, ನೀವು ತಿನ್ನಿ." ಎರಡು ವರ್ಷ ತಿಂದೆ. ಖಾಲಿ ಡಬ್ಬಿ ಮನೆಗೆ ಹೋಗ್ತಿತ್ತು. ಗಂಡ ಉಂಡ ಅಂದುಕೊಂಡರು ಅವರು. ನಾನು ಒಂದು ಫೋನ್ ಮಾಡಲಿಲ್ಲ. ಒಂದು ಫೋನ್. ಮೊನ್ನೆ ಅವರ ಮನೆಗೆ ಹೋಗಿ ಒಪ್ಪಿಕೊಂಡೆ. "ಆಗಲೇ ಹೇಳಬಹುದಿತ್ತು" ಅಂದರು. ಅಷ್ಟೇ.

ಅವನ ಕಣ್ಣು ಹಳದಿಯಾದಾಗ ಎಲ್ಲರೂ ಆಸ್ಪತ್ರೆಗೆ ಹೋದೆವು. ನನ್ನ ಜಪಾನೀಸ್ ಅಷ್ಟಕ್ಕಷ್ಟೆ. ಡಾಕ್ಟರ್ ಜಪಾನೀಸಿನಲ್ಲಿ ಹೇಳಿದ್ದನ್ನು ಅಮ್ಮನಿಗೆ ತಿಳಿಸಬೇಕಾದವಳು ಹದಿಮೂರು ವರ್ಷದ ಸ್ಫೂರ್ತಿ. "ಲಿವರ್ ತುಂಬಾ ಟಯರ್ಡ್ ಅಂತೆ, ಅಮ್ಮಾ" — ಅಷ್ಟೇ ಹೇಳಿತು ಮಗು. ಉಳಿದದ್ದನ್ನು ನಾನು ಆಮೇಲೆ ಇಂಗ್ಲಿಷ್ ಬಲ್ಲ ಡಾಕ್ಟರೊಬ್ಬರನ್ನು ಕೇಳಿ ತಿಳಿದೆ. ಅನ್ನದ ಜಾಗದಲ್ಲಿ ಮದ್ಯ ಕೂತಿತ್ತು. ಬಿ ವಿಟಮಿನ್, ಪ್ರೋಟೀನ್ ಮೈಗೆ ಸಾಲದೆ ಹೋಗಿತ್ತು. ಇದ್ದದ್ದನ್ನೂ ಕೂಡಿಟ್ಟುಕೊಳ್ಳುವ ಶಕ್ತಿ ಕುಡಿತದಿಂದ ಗಾಯಗೊಂಡು ಗಟ್ಟಿಯಾದ ಲಿವರ್‌ಗೆ ಉಳಿದಿರಲಿಲ್ಲ. ಕುಡೀತಾ ಇದ್ದರೆ ಯಾವ ಮಾತ್ರೆಯೂ ಕಾಯೋದಿಲ್ಲ. ವಿಟಮಿನ್ ಎ ಅತಿಯಾದರಂತೂ ಅದೇ ಲಿವರ್‌ಗೆ ಪೆಟ್ಟು.

ಅವತ್ತಿನಿಂದ, ಡಾಕ್ಟರ ನಿಗಾದಲ್ಲಿ, ಅವನು ಒಂದು ತೊಟ್ಟೂ ಮುಟ್ಟಲಿಲ್ಲ. ಏಳು ತಿಂಗಳು. ಮೂರು ಗಂಟೆಗೊಮ್ಮೆ ಗಂಜಿ, ತೋಫು, ಬೇಳೆ ಕಟ್ಟು — ಕಷ್ಟಪಟ್ಟು ನುಂಗಿದ. ಅಷ್ಟರಲ್ಲಿ ತಡವಾಗಿತ್ತು. ಕೊನೆಯ ಭಾನುವಾರ ನಾನು ಹೋದಾಗ ಸ್ಫೂರ್ತಿ ತಿನ್ನಿಸ್ತಿದ್ದಳು. "ಇನ್ನೊಂದು ಚಮಚ ಕೊಡು ಪುಟ್ಟಿ" ಅಂದ. "ನಿಧಾನ, ಅಪ್ಪಾ" ಅಂದಳು.

ನಿಮ್ಮಲ್ಲಿ ಯಾರಾದರೂ ಇದೇ ದಾರಿಯಲ್ಲಿದ್ದರೆ — ಒಬ್ಬರೇ ದಿಢೀರಂತ ನಿಲ್ಲಿಸೋದೂ ಅಪಾಯವಂತೆ. ಡಾಕ್ಟರ್ ಹತ್ತಿರ ಹೋಗೋಣ. ನಾನು ಜೊತೆಗೆ ಬರ್ತೀನಿ. ಈ ಸಲ ಸುಮ್ಮನಿರೋದಿಲ್ಲ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ, ಮಾತಿಲ್ಲದೆ — ನಮ್ಮ ಚಂದ್ರಮೋಹನನಿಗಾಗಿ.