ಕೇಳಿಸದೇ ಹೋದ ‘ಸ್ಟಾಪ್’

ಕೊಲ್ಲಿ ದೇಶದ ಸತ್ವಾ ಬಡಾವಣೆಯ ಕಿವಿ ಡಾಕ್ಟರರ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕ ಮಂಗಳೂರು ಕಡೆಯ ಇಬ್ಬರು ಕುಳಿತಿದ್ದರು. ಇಬ್ಬರ ಅಂಗಿಯ ಮೇಲೂ ಒಂದೇ ಶೂಟಿಂಗ್ ಕ್ಲಬ್ಬಿನ ಹೆಸರಿತ್ತು. ಹಿರಿಯರಿಗೆ ಕೇಳಲೆಂದು ಕಿರಿಯವನು ಜೋರಾಗಿ ಮಾತಾಡುತ್ತಿದ್ದ.

“ಕಜೆತಾನಣ್ಣ, ಇವತ್ತಾದ್ರೂ ಡಾಕ್ಟ್ರಿಗೆ ನಿಜ ಹೇಳಿ.”

“ಎಂತ ಹೇಳುದು ಮಾರಾಯ? ಆ ಕೌಬಾಯ್ ರಿವಾಲ್ವರುಗಳನ್ನು ಬಿಚ್ಚಿ, ಉಜ್ಜಿ, ಎಣ್ಣೆ ಹಾಕಿ, ಗುಂಡು ಹಾರಿಸಿ ನೋಡುದೇ ನನ್ನ ಕೆಲಸ. ಇಷ್ಟು ವರ್ಷ ಆದ ಮೇಲೆ ಕಿವಿ ಉಳೀತದಾ?”

“ನಿನ್ನೆ ನೀವು ಗುಂಡು ಹಾರಿಸ್ಲಿಕ್ಕೆ ಹೊರಟಾಗ ನಾನು ‘ಸ್ಟಾಪ್’ ಅಂತ ಬೊಬ್ಬೆ ಹೊಡೆದೆ. ನಿಮಗೆ ಕೇಳಲೇ ಇಲ್ಲ.”

“ನೀನು ಕೈ ಹಿಡಿದು ಎಳೆದಿಯಲ್ಲ.”

“ಎಳೆಯದಿದ್ರೆ? ನಮ್ಮ ಕ್ಲಬ್ಬಿನ ಹುಡುಗ ಧನುಷ್ ಗುರಿ ಹಲಗೆ ಸರಿ ಮಾಡ್ಲಿಕ್ಕೆ ನಿಮ್ಮ ಎದುರೇ ಹೋಗ್ತಾ ಇದ್ದ.”



“ಕಣ್ಣು ಮುಚ್ಚಿದ್ರೆ ಅವನೇ ಕಾಣ್ತಾನೆ ಶ್ರೀನಿಧಿ. ಆದ್ರೆ ಕಿವಿ ಕೇಳುದಿಲ್ಲ ಅಂತ ಡಾಕ್ಟ್ರು ಬರೆದು ಕೊಟ್ರೆ ಕೆಲಸ ಖಲಾಸ್, ವೀಸಾನೂ ಖಲಾಸ್. ಊರಿಗೆ ಹೋಗಿ ಎಂತ ಮಾಡುದು? ಈ ಕೈಗೆ ಬೇರೆ ಕೆಲಸ ಗೊತ್ತಿಲ್ಲ.”

“ನಿಮ್ಮ ಕಷ್ಟ ನನಗೆ ಗೊತ್ತುಂಟು ಅಣ್ಣ.”

“ಕೇಳ್ತದೆ ಅಂತ ಸುಳ್ಳು ಹೇಳಿ ಹೇಳಿ ಸಾಕಾಗಿ ಹೋಗಿದೆ ಮಾರಾಯ.”

ಅಷ್ಟರಲ್ಲಿ ನರ್ಸ್ ಹಿರಿಯರ ಹೆಸರು ಕರೆದಳು. ಅವರಿಗೆ ಕೇಳಿಸದ್ದರಿಂದ ಶ್ರೀನಿಧಿ ಭುಜ ಮುಟ್ಟಿದ. ಕಜೆತಾನ್ ನಿಧಾನವಾಗಿ ಎದ್ದು ಬಾಗಿಲ ತನಕ ಹೋದರು. ಅಲ್ಲಿ ನಿಂತು ತಿರುಗಿ ನೋಡಿದರು.

“ನೀನೂ ಒಳಗೆ ಬಾ. ಒಬ್ಬನೇ ಹೋದ್ರೆ, ಎಲ್ಲಾ ಸರಿ ಕೇಳ್ತದೆ ಅಂತ ಹೇಳಿಬಿಡ್ತೇನೆ.”

ಶ್ರೀನಿಧಿ ಎದ್ದು ಅವರ ಹಿಂದೆಯೇ ಒಳಗೆ ಹೋದ.